ನೋಡದೆ ಬರೆದದ್ದು

ಈ ನಲವತ್ತಾರರಲ್ಲಿ ಗುಮಾಸ್ತನಿಗೆ ಚಿತ್ರಕಲೆಯ ಹುಚ್ಚೇಕೆ ಎಂದು ಮಿತ್ರರು ನಗುತ್ತಾರೆ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಚಿತ್ರಪ್ರದರ್ಶನ ನಡೆದಾಗ ರವೀಂದ್ರನಾಥ ಠಾಕೂರರಿಗೆ 69 ಎಂದು ಹೇಳಿ ಪಾರಾಗುತ್ತೇನೆ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ.

ಬಿ.ಎಸ್ಸಿ. ಓದುವಾಗ ರೆಕಾರ್ಡ್ ಪುಸ್ತಕದಲ್ಲಿ ನಾನು ಬರೆದ ಕಪ್ಪೆಯ ಹೃದಯಕ್ಕೆ ಪೂರ್ತಿ ಅಂಕ ಬಂದಿತ್ತು. ಅದು ಪಠ್ಯಪುಸ್ತಕದ ನಕಲು. ಮೇಜಿನ ಮೇಲಿದ್ದ ಕಪ್ಪೆಯನ್ನು ನಾನು ನೋಡಿಯೇ ಇರಲಿಲ್ಲ. ಈಗ ಭಾನುವಾರ ಬೆಳಿಗ್ಗೆ ತಾರ್ನಾಕದ ಮನೆಯಿಂದ ಹೊರಟು ಉಸ್ಮಾನಿಯಾ ಆರ್ಟ್ಸ್ ಕಾಲೇಜಿನೆದುರು ಕೂರುತ್ತೇನೆ. 1939ರಲ್ಲಿ ಉದ್ಘಾಟನೆಯಾದ ಆ ಕಲ್ಲು ಕಟ್ಟಡದ ಕಮಾನನ್ನು ಓರೆಯಿಂದ ನೋಡಿದರೆ ಆಚೆಯ ಅರ್ಧ ಕಿರಿದಾಗಿ ಕಾಣುತ್ತದೆ. ನನ್ನ ಪೆನ್ಸಿಲು ಮಾತ್ರ ಎರಡನ್ನೂ ಸಮ ಮಾಡುತ್ತದೆ. ಕಣ್ಣು ಹೇಳಿದ್ದನ್ನು ಬುದ್ಧಿ ತಿದ್ದಿಬಿಡುತ್ತದೆ.

ಕಳೆದ ತಿಂಗಳು ತಾಯಿಯ ಕೈ ಬರೆಯಲು ಕುಳಿತೆ. ತೋರುಬೆರಳು ಸೊಟ್ಟಗಾಗಿತ್ತು. ಯಾವಾಗಿನಿಂದ ಎಂದು ಕೇಳಿದೆ.

“ಎರಡು ವರ್ಷ ಆಯ್ತಪ್ಪ, ನೀನು ನೋಡಿರ್ಲಿಲ್ವ?”

ಒಂದೇ ಸೂರಿನಡಿ ಇದ್ದೂ ನೋಡದಿರುವುದು ಅಪರಾಧವೇ? ಅಲ್ಲವೆನ್ನಲು ನನಗೆ ಧೈರ್ಯವಿಲ್ಲ. ಪ್ರೀತಿ ಇದ್ದೇ ಇದೆ ಎಂದು ನಂಬಿ ಕುಳಿತವನೇ ನೋಡುವುದನ್ನು ಬಿಡುತ್ತಾನೆ.

ಚಿತ್ರ ಚೆನ್ನಾಗಿ ಬರಲಿಲ್ಲ. ಬೆರಳನ್ನು ಮಾತ್ರ ನೇರ ಮಾಡಲಿಲ್ಲ. ಮರುದಿನ ರಜೆ ಹಾಕಿ ತಾಯಿಯನ್ನು ವೈದ್ಯರ ಬಳಿ ಕರೆದೊಯ್ದೆ.