ಗೊಬ್ಬರ ಒಲ್ಲದ ಗಂಟೆಹೂ

ಗಿಡ ನೆಟ್ಟ ಕೂಡಲೇ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಮೇಲೆ ಒಂದು ಬಿಂದಿಗೆ ನೀರು. ನಮ್ಮವರ ಕೈಗೆ ಅಂಟಿಕೊಂಡ ಅಭ್ಯಾಸ ಇದು. ಮಲ್ಲಿಗೆಗೂ ದಾಸವಾಳಕ್ಕೂ ಸರಿಯೇ. ಆದರೆ ಕೆನಡಾದ ಆಲ್ಬರ್ಟಾದಲ್ಲಿ ನೆಲೆಸಿರುವ ಕನ್ನಡಿಗರು ಹಿತ್ತಲಲ್ಲಿ ಆ ನೆಲದ ಗಂಟೆಹೂವನ್ನು ಬೆಳೆಸಬೇಕೆಂದರೆ ಮೊದಲು ಈ ಕೈಯನ್ನು ಕಟ್ಟಿಹಾಕಬೇಕು.

ಹೇರ್‌ಬೆಲ್ ಎಂಬ ಈ ಬಹುವಾರ್ಷಿಕ ಗಿಡ ರಾಕಿ ಪರ್ವತದ ಕಲ್ಲುಸಂದಿಗಳಲ್ಲೂ ಒಣ ಹುಲ್ಲುಗಾವಲುಗಳಲ್ಲೂ ತಾನಾಗಿ ಬೆಳೆಯುವಂಥದ್ದು. ಮರಳು ಬೆರೆತ, ನೀರು ನಿಲ್ಲದ ಬಡ ಮಣ್ಣು ಮತ್ತು ಬಿಸಿಲು ಸಿಕ್ಕರೆ ಸಾಕು. ಗೊಬ್ಬರ ಸುರಿದರೆ ದಾರದಂಥ ಕಾಂಡ ಸೊಕ್ಕಿ ಬೆಳೆದು ಅಡ್ಡ ಬೀಳುತ್ತದೆ, ಅಕ್ಕಪಕ್ಕದ ಹುಲ್ಲು ಮೇಲೆದ್ದು ಗಿಡವನ್ನೇ ನುಂಗುತ್ತದೆ. ಬೀಜವೋ, ಧೂಳಿನಷ್ಟು ಸಣ್ಣದು. ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಬೇಕು, ಮುಚ್ಚಬಾರದು. ಬೆಳಕು ಕಂಡರೇ ಮೊಳಕೆ. ಮೊದಲ ವರ್ಷ ಸಾಮಾನ್ಯವಾಗಿ ಬುಡದ ದುಂಡೆಲೆಗಳಷ್ಟೇ ಕಾಣುತ್ತವೆ. ಹೂವಿಗೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು.

ಅರಳಿದ ಮೇಲೆ ಮಂಡಿಯೂರಿ ನೋಡಿ. ಮೊಗ್ಗು ಮೇಲ್ಮುಖವಾಗಿರುತ್ತದೆ, ಹೂವು ತಲೆ ತಗ್ಗಿಸುತ್ತದೆ, ಹಾಗಾಗಿ ಮಳೆ ಒಳಗೆ ಬೀಳದು. ಮೊಗ್ಗಿನಲ್ಲಿರುವಾಗಲೇ ಕೇಸರಗಳು ತಮ್ಮ ಪರಾಗವನ್ನು ನಡುವಿನ ಶಲಾಕೆಯ ರೋಮಗಳ ಮೇಲೆ ಬಳಿದು ಮುಗಿಸಿರುತ್ತವೆ. ಹೂ ಬಿರಿಯುವ ಹೊತ್ತಿಗೆ ಕೇಸರಗಳು ಮುದುಡಿರುತ್ತವೆ. ಮಕರಂದಕ್ಕೆ ನುಗ್ಗುವ ಜೇನ್ನೊಣದ ಮೈಗೆ ಆ ಪರಾಗ ಮೆತ್ತಿಕೊಳ್ಳುತ್ತದೆ. ಅದೆಲ್ಲ ಆದಮೇಲೆಯೇ ಶಲಾಕೆಯ ತುದಿ ಮೂರಾಗಿ ಸೀಳಿ, ಬೇರೆ ಹೂವಿನ ಪರಾಗಕ್ಕೆ ಬಾಗಿಲು ತೆರೆಯುವುದು. ಮೊದಲು ಕೊಡುವುದು, ಆಮೇಲೆ ತೆಗೆದುಕೊಳ್ಳುವುದು!

ಯುರೋಪಿಗೂ ಈ ಹೂವು ಸ್ವಂತದ್ದೇ. ಸ್ವೀಡನ್ನಿನ ಜನ 2021ರಲ್ಲಿ ಮತ ಹಾಕಿ ಇದನ್ನೇ ರಾಷ್ಟ್ರಪುಷ್ಪವಾಗಿ ಆರಿಸಿಕೊಂಡರು. ಗತ್ತು ಗಮ್ಮತ್ತು ಏನೂ ಇಲ್ಲದ ಹೂವನ್ನು ಮತ ಹಾಕಿ ಗೆಲ್ಲಿಸಿದ ಜನರ ಮೇಲೆ ನನಗೆ ಗೌರವ. ನಮಗೂ ಇದು ತೀರ ಪರಕೀಯವಲ್ಲ. ಬಾಬಾಬುಡನ್‌ಗಿರಿ, ಕುದುರೆಮುಖದ ಬೆಟ್ಟಗಳಲ್ಲಿ ಆಳೆತ್ತರ ನಿಂತು ಬಿಳಿ ಹೂ ಬಿಡುವ ಕಾಡುಹೊಗೆಸೊಪ್ಪು ಇದೇ ಕುಟುಂಬದ್ದು. ಮುರಿದರೆ ಎರಡರಲ್ಲೂ ಬಿಳಿ ಹಾಲು ಒಸರುತ್ತದೆ.

ತೊಂದರೆ ಇರುವುದು ಇನ್ನೊಬ್ಬ ದಾಯಾದಿಯಿಂದ. ಆಲ್ಬರ್ಟಾದ ಊರುಗಳಲ್ಲಿ ಬೇಲಿ ಬದಿಗೆ, ಗಲ್ಲಿಗಳಲ್ಲಿ ಸಾಲುಸಾಲಾಗಿ ನೇರಳೆ ಗಂಟೆ ತೂಗುವ ಕ್ರೀಪಿಂಗ್ ಬೆಲ್‌ಫ್ಲವರ್ ಅದು. ಅಂದಕ್ಕೆಂದು ಯುರೋಪಿನಿಂದ ಬಂದದ್ದು. ಲಂಟಾನವನ್ನೂ ನಮ್ಮಲ್ಲಿಗೆ ತಂದದ್ದು ಅಂದಕ್ಕೇ ಅಲ್ಲವೆ, ಈಗ ಬಂಡೀಪುರದ ಕಾಡಿನ ಪಾಡೇನಾಗಿದೆ ನೋಡಿ. ಈ ದಾಯಾದಿಯ ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಕಿತ್ತರೆ ಮೇಲಿನ ಎಳೆಬೇರು ಮಾತ್ರ ಕೈಗೆ ಬರುತ್ತದೆ, ಕೆಳಗೆ ಗೆಡ್ಡೆಯಂಥ ಬೇರು ತಣ್ಣಗೆ ಕೂತಿರುತ್ತದೆ. ಚೂರು ಉಳಿದರೂ ಮತ್ತೆ ಚಿಗುರು. ಆಲ್ಬರ್ಟಾದ ಕಾನೂನು ಇದನ್ನು ಹಾನಿಕರ ಕಳೆಗಳ ಪಟ್ಟಿಗೆ ಸೇರಿಸಿದೆ.

ಇವೆರಡನ್ನೂ ಗುರುತಿಸುವುದು ಕಷ್ಟವಲ್ಲ. ಕಾಂಡದ ಒಂದೇ ಮಗ್ಗುಲಿಗೆ ಹೂವು ಜೋತಿದ್ದು, ಬುಡದ ಕಡೆಯ ಎಲೆ ಹೃದಯದಾಕಾರವಿದ್ದು ಅಂಚು ಗರಗಸದಂತಿದ್ದರೆ ಅದು ದಾಯಾದಿ. ಕಾಂಡದ ಎಲೆ ಹುಲ್ಲೆಸಳಿನಷ್ಟು ಕಿರಿದಾಗಿದ್ದರೆ ನಮಗೆ ಬೇಕಾದ ಗಿಡ. ಆದರೆ ‘ಕಾಡುಹೂಗಳು’ ಎಂದು ಚೆಂದದ ಚಿತ್ರ ಹಾಕಿ ಮಾರುವ ಮಿಶ್ರಬೀಜದಲ್ಲಿ ಎರಡರಲ್ಲಿ ಯಾವುದಿದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಬಿಡಿ ಬೀಜವನ್ನೇ ಕೊಳ್ಳಿ, ಪೊಟ್ಟಣ ತಿರುಗಿಸಿ ಸಸ್ಯಶಾಸ್ತ್ರೀಯ ಹೆಸರು ಓದಿ. ಕ್ಯಾಂಪನ್ಯುಲಾ ರೊಟುಂಡಿಫೋಲಿಯಾ ಎಂದಿದ್ದರೆ ಮನೆಗೆ ತನ್ನಿ, ರಾಪುಂಕ್ಯುಲಾಯ್ಡಿಸ್ ಎಂದಿದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ.