ಆಲಮಟ್ಟಿಯ ಉದ್ಯಾನ ಮತ್ತು ಶರಣಧರ್ಮ
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜನಕ್ಕೆ ವಿಹಾರವೆಂದರೆ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಅಣೆಕಟ್ಟಿನ ಬದಿಗೆ ರಾಕ್ ಗಾರ್ಡನ್, ಮೊಘಲ್ ಉದ್ಯಾನ, ಸಂಗೀತ ಕಾರಂಜಿ ಇವೆ. ಬಿರುಬಿಸಿಲಿನ ಎರೆನೆಲದಲ್ಲಿ ಆ ಹಸಿರು ದೊಡ್ಡ ಭಾಗ್ಯವೇ ಸರಿ. ಆದರೆ ಇದೇ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಓಣಿಗಳು, ಹಲವು ಹಳ್ಳಿಗಳ ಹೊಲ, ಗುಡಿಗಳು ಮುಳುಗಿವೆ. ಅನ್ಯರ ನಷ್ಟದಿಂದ ಅರಳಿದ ಚೆಲುವನ್ನು ಸವಿಯುವುದು ಧರ್ಮವೇ?

ಉತ್ತರಕ್ಕೆ ಶರಣಧರ್ಮದತ್ತ ನೋಡೋಣ. ಇದೇ ಬಾಗೇವಾಡಿಯಲ್ಲಿ ಹುಟ್ಟಿದ ಶರಣ ಬಸವಣ್ಣ ನೀರನ್ನೋ ಮರವನ್ನೋ ದೇವರೆಂದು ಪೂಜಿಸುವುದನ್ನು ಒಪ್ಪಲಿಲ್ಲ. ಸಕಲ ಜೀವಿಗಳ ಮೇಲಿನ ಕನಿಕರವನ್ನು ಧರ್ಮಕ್ಕೆ ಆಧಾರವಾಗಿಟ್ಟ. ಆ ದೃಷ್ಟಿಯಲ್ಲಿ ಹೂವು ನೋಡಿ ಹಿಗ್ಗುವುದರಲ್ಲಿ ದೋಷವಿಲ್ಲ, ಮನೆ, ಹೊಲ ಮುಳುಗಿದವರ ಋಣ ಮರೆತರೆ ಮಾತ್ರ ದೋಷ. ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ ಕೂಡಲಸಂಗಮದಲ್ಲಿರುವ ಬಸವಣ್ಣನ ಐಕ್ಯಮಂಟಪವನ್ನು ಉಳಿಸಲು ಸುತ್ತಲೂ ಬಾವಿಯಂತೆ ಗೋಡೆ ಎಬ್ಬಿಸಲಾಯಿತು. ಮನೆ ಕಳೆದುಕೊಂಡ ಕುಟುಂಬಗಳಿಗೂ ಅಷ್ಟೇ ಕಾಳಜಿ ಸಲ್ಲಬೇಕು.