ಬಾಗಿಲು ತಟ್ಟುವ ಮುನ್ನ

ಕಳೆದ ವರ್ಷದ ಒಂದು ರಾತ್ರಿ. ಗಂಟೆ ಹತ್ತೂವರೆ ದಾಟಿತ್ತು. ಮರುದಿನದ ಸಭೆಗೆ ಬೇಕಾಗಿದ್ದ ಒಂದು ಲೆಕ್ಕದ ಪಟ್ಟಿ ನನಗೆ ನೆನಪಾಯಿತು. ಮರೆತುಹೋದೀತೆಂದು ಕೂಡಲೇ ಮೊಬೈಲ್ ಕೈಗೆತ್ತಿಕೊಂಡು, ನನ್ನ ಕೈಕೆಳಗೆ ಕೆಲಸ ಮಾಡುವ ಯುವಕನಿಗೆ ಕಚೇರಿಯ ಆ್ಯಪ್‌ನಲ್ಲಿ ಎರಡು ಸಾಲು ಬರೆದೆ. ಕೊನೆಗೆ, ‘ನಾಳೆ ನೋಡಿದರೆ ಸಾಕು’ ಎಂದೂ ಸೇರಿಸಿದೆ. ಎರಡು ನಿಮಿಷದೊಳಗೆ ‘ಸರಿ ಸರ್, ಈಗಲೇ ಕಳಿಸುತ್ತೇನೆ’ ಎಂಬ ಉತ್ತರ ಬಂತು. ಹನ್ನೊಂದು ಗಂಟೆಗೆ ಪಟ್ಟಿಯೂ ಬಂತು. ಎಂಥ ಶ್ರದ್ಧಾವಂತ ಹುಡುಗ ಎಂದು ಸಂತೋಷಪಟ್ಟು ಮಲಗಿದೆ.

ಕೆಲವು ದಿನಗಳ ಬಳಿಕ ಅವನ ಮನೆಗೆ ಹೋಗುವ ಸಂದರ್ಭ ಒದಗಿತು. ಅವನ ತಾಯಿ ಅಸ್ವಸ್ಥರಾಗಿ ಹಾಸಿಗೆ ಹಿಡಿದಿದ್ದರು. ದೃಷ್ಟಿಯೂ ಮಂದ. ನಾವು ಮಾತನಾಡುತ್ತಿದ್ದಂತೆಯೇ ಒಳಕೋಣೆಯಿಂದ ಅವರ ಸ್ವರ ಕೇಳಿಸಿತು: “ಮಗಾ, ಯಾರೋ ಬಾಗಿಲು ತಟ್ಟುತ್ತಿದ್ದಾರೆ, ನೋಡು.” ಬಾಗಿಲಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲಿದ್ದ ಲ್ಯಾಪ್‌ಟಾಪ್‌ಗೆ ಕಚೇರಿಯಿಂದ ಸಂದೇಶವೊಂದು ಬಂದಿತ್ತು, ಅಷ್ಟೆ. ಆ ಆ್ಯಪ್‌ನಲ್ಲಿ ಸಂದೇಶ ಬಂದಾಗ ಮರದ ಹಲಗೆಯನ್ನು ಬೆರಳಿನಿಂದ ತಟ್ಟಿದಂತಹ ಸದ್ದಾಗುತ್ತದೆ. ಯುವಕ ನಗುತ್ತಾ ಹೇಳಿದ: “ಉಮ್ಮ ಹೀಗೆಯೇ ಸರ್. ರಾತ್ರಿ ಮಲಗಿದ ಮೇಲೂ ಈ ಸದ್ದು ಕೇಳಿದರೆ ಎದ್ದು ಕುಳಿತು ತಲೆಗೆ ಬಟ್ಟೆ ಎಳೆದುಕೊಳ್ಳುತ್ತಾರೆ, ಯಾರೋ ಬಂದರೆಂದು.”

ಅವನು ನಗುತ್ತಲೇ ಹೇಳಿದ. ನನಗೆ ನಗಲಾಗಲಿಲ್ಲ. ಆ ವೃದ್ಧೆ ತಪ್ಪು ತಿಳಿದಿದ್ದರೇ? ಯೋಚಿಸಿದಷ್ಟೂ ಅವರು ತಿಳಿದದ್ದೇ ಸರಿಯೆಂದು ನನಗೆ ತೋರತೊಡಗಿತು. ಅಂದು ರಾತ್ರಿ ಹತ್ತೂವರೆಗೆ ಆ ಮನೆಯ ಬಾಗಿಲು ತಟ್ಟಿದವನು ನಾನೇ ಆಗಿದ್ದೆ.

ಮನೆಯೊಳಗೆ ಬಂದ ಕಚೇರಿ

ಪ್ರಿಯ ಓದುಗರೇ, ಈ ಉಪಕರಣಗಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಸಹೋದ್ಯೋಗಿಗಳ ಮಾತುಕತೆಗಾಗಿ ಸ್ಲ್ಯಾಕ್ 2014ರಲ್ಲಿ ಸಾರ್ವಜನಿಕರಿಗೆ ಲಭ್ಯವಾಯಿತು. ಮೈಕ್ರೋಸಾಫ್ಟ್ ಟೀಮ್ಸ್ 2017ರಲ್ಲಿ ಬಂತು. ಆದರೆ ಇವು ಮನೆಮಾತಾದದ್ದು 2020ರ ಮಾರ್ಚ್ 25ರಂದು ನಮ್ಮ ದೇಶದಲ್ಲಿ ಲಾಕ್‌ಡೌನ್ ಜಾರಿಯಾದ ಬಳಿಕ. 2019ರ ಡಿಸೆಂಬರ್‌ನಲ್ಲಿ ಜಗತ್ತಿನಾದ್ಯಂತ ಝೂಮ್ ಸಭೆಗಳಿಗೆ ಸೇರಿಕೊಳ್ಳುವವರ ಲೆಕ್ಕ ದಿನಕ್ಕೆ ಸುಮಾರು 1 ಕೋಟಿಯಷ್ಟಿತ್ತು. 2020ರ ಎಪ್ರಿಲ್‌ನಲ್ಲಿ ಅದು 30 ಕೋಟಿಗೆ ಏರಿತು. ಒಬ್ಬನೇ ವ್ಯಕ್ತಿ ಹಲವು ಸಭೆಗಳಲ್ಲಿ ಕುಳಿತರೆ ಪ್ರತಿ ಸಲವೂ ಲೆಕ್ಕ ಹಿಡಿದ ಸಂಖ್ಯೆಯಿದು. ಆದರೂ ನಾಲ್ಕು ತಿಂಗಳಲ್ಲಿ ಏನಾಯಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಎಷ್ಟೋ ಮನೆಗಳ ಒಲೆ ಆರದಂತೆ ಕಾಪಾಡಿದ್ದು ಇವೇ ಉಪಕರಣಗಳು. ಚಿಕ್ಕ ಮಗುವಿರುವ ತಾಯಿಗೆ, ನಡೆಯಲಾಗದ ಅಂಗವಿಕಲನಿಗೆ, ವೃದ್ಧ ಹೆತ್ತವರನ್ನು ಬಿಟ್ಟು ಬೆಂಗಳೂರಿಗೆ ಹೋಗಲಾಗದ ಮಗನಿಗೆ ಇವು ಅನ್ನದ ದಾರಿಯಾದವು. ಇದು ದೊಡ್ಡ ಅನುಗ್ರಹ.

ಆದರೆ ಪ್ರತಿಯೊಂದು ಅನುಗ್ರಹದ ಜೊತೆಗೆ ಒಂದು ಹೊಣೆಯೂ ಇದೆ. ಹಿಂದೆ ಕಚೇರಿಗೂ ಮನೆಗೂ ನಡುವೆ ಒಂದು ದಾರಿಯಿತ್ತು. ಸಂಜೆ ಬಸ್ಸು ಹತ್ತಿದವನನ್ನು ಯಜಮಾನನು ಮತ್ತೆ ಕರೆಯಬೇಕಿದ್ದರೆ ಆಳನ್ನು ಕಳುಹಿಸಬೇಕಿತ್ತು, ಇಲ್ಲವೇ ತಾನೇ ಹೋಗಬೇಕಿತ್ತು. ಆ ತೊಂದರೆಯೇ ಅವನನ್ನು ತಡೆಯುತ್ತಿತ್ತು. ಇಂದು ಆ ತೊಂದರೆಯಿಲ್ಲ. ಹೆಬ್ಬೆರಳಾಡಿಸಿದರೆ ಸಾಕು, ಇನ್ನೊಬ್ಬನ ಊಟದ ತಟ್ಟೆಯ ಪಕ್ಕದಲ್ಲಿ ಹೋಗಿ ನಿಂತಿರುತ್ತೇವೆ.

ದೇಶಗಳ ಗಡಿ ಸೇರಿದರೆ ವಿಷಯ ಇನ್ನೂ ಸೂಕ್ಷ್ಮವಾಗುತ್ತದೆ. ಮಂಗಳೂರಿನಲ್ಲೋ ಭಟ್ಕಳದಲ್ಲೋ ಕುಳಿತು ರಿಯಾದ್‌ನ ಕಚೇರಿಗೆ ದುಡಿಯುವವನನ್ನು ಗಮನಿಸಿರಿ. ಅಲ್ಲಿಯ ಸಂಜೆ ಆರು ಗಂಟೆಗೆ ಇಲ್ಲಿ ರಾತ್ರಿ ಎಂಟೂವರೆ. ಅಲ್ಲಿ ರವಿವಾರ ಕೆಲಸದ ದಿನ. ಇಲ್ಲಿ ಅವನ ಮಕ್ಕಳಿಗೆ ಶಾಲೆಯಿಲ್ಲದ ಏಕೈಕ ದಿನ. ನ್ಯೂಯಾರ್ಕಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕಚೇರಿ ತೆರೆಯುವಾಗ ಇಲ್ಲಿ ಸಂಜೆ ಆರೂವರೆಯೋ ಏಳೂವರೆಯೋ ಆಗಿರುತ್ತದೆ. ಸಂದೇಶ ಕಳುಹಿಸುವವನಿಗೆ ಅದು ಹಗಲು, ತಲುಪುವವನಿಗೆ ರಾತ್ರಿ. ತಟ್ಟುವವನ ಗಡಿಯಾರ ಒಂದು, ಒಳಗಿರುವವನ ಗಡಿಯಾರ ಇನ್ನೊಂದು. ಹಾಗಾದರೆ ಯಾರ ಗಡಿಯಾರವನ್ನು ನೋಡಬೇಕಾದುದು ಧರ್ಮ?

ಮೂರು ಬಾರಿ, ಬಳಿಕ ಹಿಂದಿರುಗುವುದು

ಈ ಪ್ರಶ್ನೆ ಹೊಸತೆಂದು ಕಂಡರೂ ಇದರ ಬೇರು ಹಳೆಯದು. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ಇತರರ ಮನೆಗಳಿಗೆ ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ವಿಧಿಸುತ್ತದೆ. ಹಿಂದಿರುಗಿರೆಂದು ಹೇಳಿದರೆ ಹಿಂದಿರುಗಬೇಕೆಂದೂ ಕಲಿಸುತ್ತದೆ. ಅದೇ ಅಧ್ಯಾಯದಲ್ಲಿ ಮುಂದೆ, ಮನೆಯಲ್ಲೇ ಓಡಾಡಿಕೊಂಡಿರುವ ಸೇವಕರು ಮತ್ತು ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳು ಕೂಡ ಅನುಮತಿ ಕೇಳಿಯೇ ಒಳಬರಬೇಕಾದ ಮೂರು ಹೊತ್ತುಗಳನ್ನು ಹೇಳಲಾಗಿದೆ: ಫಜ್ರ್ ನಮಾಝಿಗೆ ಮೊದಲು, ನಡುಹಗಲಿನ ವಿಶ್ರಾಂತಿಯ ವೇಳೆ, ಇಶಾ ನಮಾಝಿನ ಬಳಿಕ. ಸ್ವಂತ ಮನೆಯ ಮಗುವೇ ಕೇಳಿ ಬರಬೇಕಾದ ಹೊತ್ತಿನಲ್ಲಿ ನಾವು ನಮ್ಮ ಸಹೋದ್ಯೋಗಿಯ ಹಾಸಿಗೆಯ ಬಳಿಗೆ ಕೇಳದೆಯೇ ಹೋಗುತ್ತಿದ್ದೇವೆ!

ಹದೀಸ್ ಗ್ರಂಥಗಳಲ್ಲಿ ಒಂದು ಪ್ರಸಿದ್ಧ ಘಟನೆಯಿದೆ. ಖಲೀಫಾ ಉಮರ್(ರ)ರವರ ಮನೆ ಬಾಗಿಲಿಗೆ ಅಬೂ ಮೂಸಾ ಅಲ್ ಅಶ್‌ಅರೀ(ರ) ಬಂದು ಮೂರು ಬಾರಿ ಅನುಮತಿ ಕೇಳಿದರು. ಉತ್ತರ ಬರಲಿಲ್ಲ. ಅವರು ಸುಮ್ಮನೆ ಹಿಂದಿರುಗಿದರು. ಉಮರ್(ರ) ಕೆಲಸದಲ್ಲಿ ಮಗ್ನರಾಗಿದ್ದರು. ಬಳಿಕ ಅವರನ್ನು ಕರೆಸಿ, ಏಕೆ ಹಿಂದಿರುಗಿದಿರೆಂದು ಕೇಳಿದಾಗ, ಮೂರು ಬಾರಿ ಕೇಳಿಯೂ ಅನುಮತಿ ಸಿಗದಿದ್ದರೆ ಹಿಂದಿರುಗಬೇಕೆಂಬ ಪ್ರವಾದಿವರ್ಯರ(ಸ) ಆದೇಶವನ್ನು ಅವರು ತಿಳಿಸಿದರು. ಉಮರ್(ರ) ಸಾಕ್ಷಿ ಕೇಳಿದರು. ಅಬೂ ಸಈದ್ ಅಲ್ ಖುದ್ರೀ(ರ) ಸಾಕ್ಷಿ ನುಡಿದರು. ಆಗ ಆ ಮಹಾನ್ ಆಡಳಿತಗಾರರು, ಪೇಟೆಯ ವ್ಯಾಪಾರದ ಗಡಿಬಿಡಿಯಲ್ಲಿ ಈ ವಿಷಯ ತನಗೆ ತಿಳಿಯದೇ ಹೋಯಿತೆಂದು ಒಪ್ಪಿಕೊಂಡರು.

ಈ ಘಟನೆಯಲ್ಲಿ ಎರಡು ವಿಷಯಗಳನ್ನು ಗಮನಿಸಿರಿ. ತಟ್ಟಿದವರು ಉತ್ತರ ಬಾರದಿದ್ದುದನ್ನು ಅವಮಾನವೆಂದು ಬಗೆಯಲಿಲ್ಲ. ಒಳಗಿದ್ದವರು ಉತ್ತರಿಸದೆ ಇದ್ದುದಕ್ಕೆ ಕ್ಷಮೆ ಯಾಚಿಸಬೇಕಾಗಲಿಲ್ಲ. ಇಂದು ನಮ್ಮ ನಡತೆ ಹೇಗಿದೆ? ಸಂದೇಶವನ್ನು ಓದಿದ ಗುರುತು ಕಾಣುತ್ತದೆ, ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆಯೂ ಇದೆ, ಆದರೂ ಉತ್ತರಿಸಲಿಲ್ಲವೆಂದು ನಾವು ಸಿಡಿಮಿಡಿಗೊಳ್ಳುತ್ತೇವೆ. ಒಂದು ಪ್ರಶ್ನಾರ್ಥಕ ಚಿಹ್ನೆ ಕಳುಹಿಸುತ್ತೇವೆ. ಬಳಿಕ ಕರೆ ಮಾಡುತ್ತೇವೆ. ತೊಂದರೆ ಕೊಡಬೇಡಿರೆಂದು ಅವನು ಆ್ಯಪ್‌ನಲ್ಲಿ ಸೂಚನೆ ಇಟ್ಟಿದ್ದರೂ ಅದನ್ನು ದಾಟಿ ಸದ್ದು ಮಾಡಿಸುವ ಸೌಲಭ್ಯ ಸ್ಲ್ಯಾಕ್‌ನಂತಹ ಆ್ಯಪ್‌ಗಳಲ್ಲಿದೆ. ತುರ್ತಿಗೆಂದು ಇರುವ ಆ ಗುಂಡಿಯನ್ನು ನಮ್ಮ ಅಸಹನೆಗಾಗಿ ಒತ್ತುತ್ತೇವೆ. ಇದು ಅಗುಳಿ ಹಾಕಿದ ಬಾಗಿಲನ್ನು ಭುಜದಿಂದ ನೂಕುವುದಲ್ಲವೇ?

ಇಲ್ಲವೆನ್ನಲಾಗದವನ ಒಪ್ಪಿಗೆ

ಇಲ್ಲಿ ನೀವು ಕೇಳಬಹುದು: ‘ನಾಳೆ ನೋಡಿದರೆ ಸಾಕು ಎಂದು ಬರೆದಿದ್ದೀರಲ್ಲ? ಅವನೇ ಇಷ್ಟಪಟ್ಟು ಆಗಲೇ ಕೆಲಸ ಮಾಡಿದರೆ ತಪ್ಪು ನಿಮ್ಮದೇ?’ ನಾನೂ ಆ ರಾತ್ರಿ ಹೀಗೆಯೇ ನನ್ನನ್ನು ಸಮಾಧಾನಪಡಿಸಿಕೊಂಡಿದ್ದೆ. ಆದರೆ ಈ ಸಮಾಧಾನ ಸುಳ್ಳು. ಅನುಮತಿಗೆ ಬೆಲೆ ಬರುವುದು ಅದನ್ನು ನಿರಾಕರಿಸಲು ಸಾಧ್ಯವಿದ್ದಾಗ ಮಾತ್ರ. ವರ್ಷದ ಕೊನೆಗೆ ಅವನ ಸಂಬಳ ಏರಬೇಕೇ ಬೇಡವೇ ಎಂದು ನಿರ್ಧರಿಸುವವನು ನಾನು. ನನಗೆ ಅವನು ಇಲ್ಲವೆನ್ನಲಾರ. ಸಮಾನರ ನಡುವೆ ವಿನಂತಿಯಾಗಿರುವ ಮಾತು ಮೇಲಿನವನ ಬಾಯಿಯಿಂದ ಬಂದಾಗ ಆಜ್ಞೆಯಾಗುತ್ತದೆ. ಆದ್ದರಿಂದಲೇ ಹೊಣೆಯು ಮೊದಲು ತಟ್ಟುವವನ ಮೇಲಿದೆ. ಒಳಗಿರುವವನು ಬಾಗಿಲು ಭದ್ರಪಡಿಸಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಜಗತ್ತಿನ ಕಾನೂನುಗಳೂ ಈ ಪ್ರಶ್ನೆಯ ಸುತ್ತಲೇ ತಡಕಾಡುತ್ತಿವೆ. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ವೇಳೆಯ ಬಳಿಕ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಕುರಿತು ನೌಕರರೊಂದಿಗೆ ಮಾತುಕತೆ ನಡೆಸಬೇಕು. ಆಸ್ಟ್ರೇಲಿಯದಲ್ಲಿ 2024ರ ಆಗಸ್ಟ್ 26ರಂದು ಜಾರಿಗೆ ಬಂದ ಕಾನೂನು, ವೇಳೆ ಮೀರಿದ ಸಂದೇಶಗಳನ್ನು ಓದದೆ ಉತ್ತರಿಸದೆ ಇರುವ ಹಕ್ಕನ್ನು ನೌಕರನಿಗೆ ನೀಡುತ್ತದೆ. ಆ ನಿರಾಕರಣೆ ಅಸಮಂಜಸವಾಗಿರಬಾರದು, ಅಷ್ಟೆ. ಪೋರ್ಚುಗಲ್ 2021ರಲ್ಲಿ ರಚಿಸಿದ ಕಾನೂನು ಇನ್ನೊಂದು ಕಡೆಯಿಂದ ಹೊರಡುತ್ತದೆ: ಅನಿವಾರ್ಯ ಸಂದರ್ಭಗಳ ಹೊರತು ವಿಶ್ರಾಂತಿಯ ವೇಳೆಯಲ್ಲಿ ನೌಕರನನ್ನು ಸಂಪರ್ಕಿಸದಿರುವುದು ಯಜಮಾನನ ಕರ್ತವ್ಯ. ಒಂದು ಕಾನೂನು ಒಳಗಿರುವವನಿಗೆ ಅಗುಳಿ ಕೊಡುತ್ತದೆ. ಇನ್ನೊಂದು ತಟ್ಟುವವನ ಕೈ ಹಿಡಿಯುತ್ತದೆ. ಎರಡನೆಯದೇ ಹೆಚ್ಚು ನ್ಯಾಯಯುತವೆಂದು ನನಗೆ ಅನಿಸುತ್ತದೆ. ನಮ್ಮ ಲೋಕಸಭೆಯಲ್ಲೂ 2018ರಲ್ಲಿ ಇಂತಹ ಖಾಸಗಿ ಮಸೂದೆಯೊಂದು ಮಂಡನೆಯಾಗಿತ್ತು, ಅದು ಕಾನೂನಾಗಲಿಲ್ಲ. ಆದರೆ ಸಜ್ಜನಿಕೆಗೆ ಕಾನೂನು ಬರುವವರೆಗೆ ಕಾಯಬೇಕೇ?

ಕಿಟಿಕಿಯೂ ಇದೆ

ವೀಡಿಯೋ ಕರೆಯಲ್ಲಿ ಬಾಗಿಲಿನ ಜೊತೆಗೆ ಕಿಟಿಕಿಯೂ ಇದೆ. ಕ್ಯಾಮರಾ ತೆರೆಯಿರೆಂದು ಸಭೆಯಲ್ಲಿ ಒತ್ತಾಯಿಸುವಾಗ ನಾವು ಕೇಳುತ್ತಿರುವುದು ಮುಖವನ್ನು ಮಾತ್ರವಲ್ಲ. ಎರಡೇ ಕೋಣೆಯ ಮನೆಯಲ್ಲಿ ಆ ಮುಖದ ಹಿಂದೆ ಒಣಹಾಕಿದ ಬಟ್ಟೆಯಿದೆ, ಸುಣ್ಣ ಕಾಣದ ಗೋಡೆಯಿದೆ, ಹಾಸಿಗೆ ಹಿಡಿದ ತಂದೆಯಿದ್ದಾರೆ, ಮನೆಯ ಹೆಂಗಸರ ಓಡಾಟವಿದೆ. ಅವರಾರೂ ನಮ್ಮ ಸಂಬಳ ಪಡೆಯುವವರಲ್ಲ. ಅವರನ್ನು ನೋಡುವ ಹಕ್ಕು ನಮಗಿಲ್ಲ. ಇನ್ನೊಬ್ಬರ ಮನೆಯೊಳಗೆ ಇಣುಕುವುದನ್ನು ನಮ್ಮ ಧರ್ಮ ಎಷ್ಟು ಕಠಿಣವಾಗಿ ಕಂಡಿದೆಯೆಂದು ನಿಮಗೆ ತಿಳಿದೇ ಇದೆ. ಅಂತೆಯೇ, ಇತರರಿಗೆ ತಿಳಿಸದೆ ಸಭೆಯನ್ನು ಧ್ವನಿಮುದ್ರಿಸಿಕೊಳ್ಳುವುದು, ಒಬ್ಬ ಸಹೋದ್ಯೋಗಿ ನಂಬಿ ಬರೆದ ಮಾತಿನ ಚಿತ್ರ ತೆಗೆದು ಇನ್ನೊಬ್ಬನಿಗೆ ರವಾನಿಸುವುದು, ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಗುಂಪು ಕಟ್ಟಿ ಅವನನ್ನು ಆಡಿಕೊಳ್ಳುವುದು. ಸಭೆಯಲ್ಲಾಡಿದ ಮಾತು ಅಮಾನತು. ಪರದೆಯ ಮೇಲೆ ಆಡಿದರೂ ಅದು ಅಮಾನತೇ. ಬೆರಳಿನಿಂದ ಬರೆದರೂ ಪರನಿಂದೆ ಪರನಿಂದೆಯೇ.

ಒಳಗಿರುವವನ ಹೊಣೆ

ಇಷ್ಟು ಹೇಳಿ ನಿಲ್ಲಿಸಿದರೆ ಅದು ಒಂದು ಕಣ್ಣಿನ ನ್ಯಾಯವಾದೀತು. ಒಳಗಿರುವವನೂ ವಂಚಿಸಬಲ್ಲ. ಕುಳಿತಲ್ಲಿಂದ ಎದ್ದುಹೋದರೂ ಹಸಿರು ಚುಕ್ಕೆ ಆರದಂತೆ ಕಂಪ್ಯೂಟರಿನ ಮೌಸನ್ನು ತಾನಾಗಿಯೇ ಅಲುಗಾಡಿಸುವ ಚಿಕ್ಕ ಯಂತ್ರಗಳು ಪೇಟೆಯಲ್ಲಿ ಸಿಗುತ್ತವೆ. ಕೀಲಿಮಣೆ ಬಳಸುತ್ತಿರುವಂತೆ ತೋರಿಸಿ ಕೆಲಸದ ಭ್ರಮೆ ಹುಟ್ಟಿಸಿದ ಆರೋಪದಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ವಜಾ ಮಾಡಿತು. ದುಡಿಯದ ಹೊತ್ತನ್ನು ದುಡಿದ ಹೊತ್ತೆಂದು ತೋರಿಸುವುದು ತೂಕದಲ್ಲಿ ಮೋಸ ಮಾಡುವುದಕ್ಕಿಂತ ಭಿನ್ನವಲ್ಲ. ಸಂಜೆ ಆರರ ಬಳಿಕ ಬಾಗಿಲು ಹಾಕುವ ಹಕ್ಕು ನಿನಗಿರಬೇಕಾದರೆ, ಬೆಳಗ್ಗೆ ಒಂಬತ್ತರಿಂದ ಅದು ಪ್ರಾಮಾಣಿಕವಾಗಿ ತೆರೆದಿರಬೇಕು. ಆದರೆ ಇದನ್ನೂ ಹೇಳಲೇಬೇಕು: ಚುಕ್ಕೆಯನ್ನು ಎಣಿಸುವ ಯಜಮಾನನೇ ಚುಕ್ಕೆ ತೋರಿಸುವ ನೌಕರನನ್ನು ಬೆಳೆಸುತ್ತಾನೆ. ಅಪನಂಬಿಕೆ ಬಿತ್ತಿದಲ್ಲಿ ನಂಬಿಕೆ ಬೆಳೆಯದು.

ತುರ್ತು ಸಂದರ್ಭಗಳಿಲ್ಲವೇ? ಖಂಡಿತ ಇವೆ. ರಾತ್ರಿ ಪಾಳಿಯ ವೈದ್ಯನಿಗೆ ದಾದಿಯ ಕರೆ ಬರಲೇಬೇಕು. ಬ್ಯಾಂಕಿನ ಕಂಪ್ಯೂಟರ್ ಕೆಟ್ಟು ಸಾವಿರಾರು ಜನರ ಹಣ ಸಿಕ್ಕಿಹಾಕಿಕೊಂಡರೆ ಸರಿಪಡಿಸಬಲ್ಲವನನ್ನು ಎಬ್ಬಿಸಲೇಬೇಕು. ಬೆಂಕಿ ಬಿದ್ದ ಮನೆಗೆ ಯಾರೂ ಅನುಮತಿ ಕೇಳಿ ನುಗ್ಗುವುದಿಲ್ಲ. ಆದರೆ ನಮ್ಮ ರಾತ್ರಿಯ ಸಂದೇಶಗಳಲ್ಲಿ ಬೆಂಕಿ ಎಷ್ಟರಲ್ಲಿದೆ? ನನ್ನ ಲೆಕ್ಕದ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿದ್ದುದು ನನ್ನ ಮರೆವಿನ ಭಯ ಮಾತ್ರ. ನನ್ನ ತಲೆಯ ಭಾರವನ್ನು ಅವನ ದಿಂಬಿನ ಮೇಲಿಟ್ಟು ನಾನು ನಿದ್ರಿಸಿದೆ.

ಆ ದಿನದ ಬಳಿಕ ನಾನು ರಾತ್ರಿ ಏನಾದರೂ ನೆನಪಾದರೆ ಒಂದು ಚೀಟಿಯಲ್ಲಿ ಬರೆದಿಡುತ್ತೇನೆ. ಆ್ಯಪ್‌ನಲ್ಲೇ ಬರೆದರೂ ಅದು ಮರುದಿನ ಒಂಬತ್ತೂವರೆಗೆ ತಲುಪುವಂತೆ ಸಮಯ ಗೊತ್ತುಪಡಿಸುತ್ತೇನೆ. ಆ ಸೌಲಭ್ಯ ಮೊದಲಿನಿಂದಲೂ ನನ್ನ ಕೈಯಲ್ಲೇ ಇತ್ತು! ರಾತ್ರಿ ಉತ್ತರಿಸುವ ಅಗತ್ಯವಿಲ್ಲವೆಂದು ಆ ಯುವಕನಿಗೂ ಹೇಳಿದೆ. ‘ಸರಿ ಸರ್’ ಎಂದ. ಆದರೂ ಹಲವು ವಾರ, ಕಚೇರಿಯ ಗುಂಪಿನಲ್ಲಿ ಬೇರಾರಾದರೂ ರಾತ್ರಿ ಪ್ರಶ್ನೆ ಹಾಕಿದರೆ ಮೊದಲ ಉತ್ತರ ಅವನದೇ ಆಗಿರುತ್ತಿತ್ತು. ಹೆದರಿಕೆ ಒಂದು ಮಾತಿನಿಂದ ಹೋಗುವುದಿಲ್ಲ. ಒಮ್ಮೆ ಅವನು ಬೆಳಗ್ಗೆಯೇ ಉತ್ತರಿಸಿದಾಗ, ತಡವಾಯಿತೆಂದು ಯಾರೂ ಕೇಳಲಿಲ್ಲ. ಅಂದಿನಿಂದ ಸ್ವಲ್ಪ ಸ್ವಲ್ಪವಾಗಿ ಬದಲಾವಣೆ ಕಾಣತೊಡಗಿತು.

ಓದುಗರೇ, ನಿಮ್ಮ ಕೈಕೆಳಗೆ ಒಬ್ಬನೇ ಒಬ್ಬನು ದುಡಿಯುತ್ತಿದ್ದರೂ ಈ ಮಾತು ನಿಮಗೆ ಸಂಬಂಧಿಸಿದೆ. ಇಂದು ರಾತ್ರಿ ಅವನಿಗೆ ಸಂದೇಶ ಬರೆಯಲು ಹೆಬ್ಬೆರಳೆತ್ತುವಾಗ ಒಂದು ಕ್ಷಣ ತಡೆದು, ನಿಮ್ಮನ್ನು ನೀವೇ ಕೇಳಿಕೊಳ್ಳಿ: ಈ ಹೊತ್ತಿನಲ್ಲಿ, ಈ ಕೆಲಸಕ್ಕಾಗಿ, ನಾನು ಅವನ ಮನೆಯವರೆಗೆ ನಡೆದುಹೋಗಿ ಬಾಗಿಲು ತಟ್ಟುತ್ತಿದ್ದೆನೇ? ಇಲ್ಲವೆಂದಾದರೆ ಮೊಬೈಲನ್ನು ಕೆಳಗಿಡಿ. ಆ ಮನೆಯಲ್ಲಿ ಯಾರೋ ಮಲಗಿದ್ದಾರೆ. ಅವರ ನಿದ್ರೆಯ ಬಗ್ಗೆಯೂ ನಮ್ಮನ್ನು ಪ್ರಶ್ನಿಸಲಾಗುವ ದಿನವೊಂದಿದೆ. ಅದನ್ನು ಮರೆಯದೆ ಬದುಕುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.